ಮೆಟ್ಟಿಲ ಕಡೆಯೇ ನೋಡುತ್ತಿದ್ದ ಅಮ್ಮ

"ಅಮ್ಮಾ, ಗದ್ದ ಸ್ವಲ್ಪ ಮೇಲೆ... ಭುಜ ಸಡಿಲ ಬಿಡಿ... ಹಾಂ, ಈಗ ಒಂದ್ ಸ್ಮೈಲ್ ಕೊಡಿ!"

ತಿಪಟೂರಿನ ಒಂದು ಕಲ್ಯಾಣ ಮಂಟಪ. ಸ್ಟೇಜ್ ಮೇಲೆ ಮದುವಣಗಿತ್ತಿ ಸಿಂಚನಾ, ಪಕ್ಕದಲ್ಲಿ ಅವಳ ಅಮ್ಮ ಪುಟ್ಟಗೌರಮ್ಮ. ಮುಹೂರ್ತಕ್ಕೆ ಮೊದಲು ಅಮ್ಮನ ಜೊತೆ ಒಂದು ಫೋಟೋ ಬೇಕೆಂದು ಮಗಳ ಆಸೆ.

ಆದರೆ ಅಮ್ಮ ಕೊರಡಿನ ಹಾಗೆ ನಿಂತಿದ್ದರು. ಕಣ್ಣು ಕ್ಯಾಮೆರಾ ಕಡೆ ಇರಲೇ ಇಲ್ಲ... ಸ್ಟೇಜಿನ ಮೆಟ್ಟಿಲ ಕಡೆಗೇ ಇತ್ತು.

"ಕೆಲವರಿಗೆ ಕ್ಯಾಮೆರಾ ಅಂದ್ರೆ ಭಯ ಮೇಡಂ," ಎಂದ ಫೋಟೋಗ್ರಾಫರ್.

ಸಿಂಚನಾ ಕೂಡ ಹಾಗೇ ಅಂದುಕೊಂಡಿದ್ದಳು. ಗೃಹಪ್ರವೇಶವಿರಲಿ, ನಾಮಕರಣವಿರಲಿ, ಮನೆಯ ಯಾವ ಫೋಟೋದಲ್ಲೂ ಅಮ್ಮ ಇರಲಿಲ್ಲ. ಅಮ್ಮನಿಗೆ ನಾಚಿಕೆ ಎಂದೇ ಎಲ್ಲರೂ ಹೇಳುತ್ತಿದ್ದರು.

ಅಷ್ಟರಲ್ಲಿ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದರು. ಸಿಂಚನಾಳ ಅಪ್ಪ ತೀರಿಹೋಗಿದ್ದರಿಂದ ಧಾರೆ ಎರೆಯುವವರು ದೊಡ್ಡಪ್ಪ, ದೊಡ್ಡಮ್ಮನೇ.

"ಗೌರೀ, ನಿಂಗೇನ್ ಕೆಲ್ಸ ಇಲ್ಲಿ? ಶುರೂನಲ್ಲೇ ನೀನ್ ನಿಂತ್ರೆ ಬೀಗರು ಏನಂದ್ಕೋತಾರೆ? ಮೊದ್ಲು ಮುತ್ತೈದೇರು ನಿಂತ್ಕೊಳ್ಳಲಿ. ಇಳಿ ಕೆಳಕ್ಕೆ."

ಅಮ್ಮ ಸೆರಗು ಎಳೆದುಕೊಂಡು ಸರಸರ ಇಳಿದುಬಿಟ್ಟರು. ಹಾಗೆ ಇಳಿದು ಇಳಿದು ಅಭ್ಯಾಸವಾಗಿತ್ತು!

ಸಿಂಚನಾಗೆ ಆಗ ಹೊಳೆಯಿತು. ಅಮ್ಮ ಹೆದರಿದ್ದು ಕ್ಯಾಮೆರಾಗಲ್ಲ... ಯಾರು ಯಾವಾಗ ಬಂದು ಇಳಿಸುತ್ತಾರೋ ಎಂದು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯಬೇಕಾದ್ದೇ! ಹೆತ್ತವಳಿಗೆ ಮಗಳ ಮದುವೆಯಲ್ಲೇ ಇಳಿ ಎನ್ನಲು ಬಾಯಾದರೂ ಹೇಗೆ ಬರುತ್ತದೆ?

"ದೊಡ್ಡಮ್ಮ, ನೀವ್ ಹಾಕ್ಕೊಂಡಿರೋ ರವಿಕೆ ಹೊಲ್ದಿದ್ದು ಯಾರು?"

ದೊಡ್ಡಮ್ಮನ ಕೈ ತಾನಾಗೇ ರವಿಕೆಯ ತೋಳಿಗೆ ಹೋಯಿತು.

"ಹೇಳಿ! ಇಲ್ಲಿರೋ ಅಷ್ಟೂ ಮುತ್ತೈದೇರ ರವಿಕೆ ಹೊಲ್ದಿದ್ದು ನಮ್ಮಮ್ಮ. ಅವ್ಳು ಹೊಲ್ದಿದ್ದು ಮೈಮೇಲೆ ಆಗುತ್ತೆ... ಅವ್ಳು ಪಕ್ಕದಲ್ಲಿ ನಿಂತ್ರೆ ಮಾತ್ರ ಆಗಲ್ವಾ?"

"ಏಯ್, ಒಳ್ಳೆ ದಿನ ರಂಪ ಮಾಡ್ಬೇಡ!" ದೊಡ್ಡಪ್ಪ ಕೆಳಗಿಂದಲೇ ಗದರಿದರು.

"ಒಳ್ಳೆ ದಿನ ಅಂತಾನೇ ಅಮ್ಮ ಬೇಕು. ಅವ್ಳು ಹತ್ತೋವರ್ಗೂ ಫೋಟೋನೂ ಬೇಡ, ಧಾರೆನೂ ಬೇಡ!"

ಓಲಗದವರೂ ಊದುವುದು ನಿಲ್ಲಿಸಿ ಸ್ಟೇಜ್ ಕಡೆ ತಿರುಗಿದರು.

ಸಿಂಚನಾ ತಾನೇ ಇಳಿದುಹೋಗಿ, ಊಟದ ಹಾಲ್ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕೈ ಹಿಡಿದಳು.

"ಬೇಡ ಕಣವ್ವಾ... ನಂಗೆ ಇದೆಲ್ಲ ಅಭ್ಯಾಸ ಆಗೋಗದೆ." ಅಮ್ಮನ ಕಣ್ಣು ತುಂಬಿತ್ತು.

"ನಿಂಗಾಗಿರ್ಬೋದು. ನಂಗಾಗಿಲ್ಲ!"

ಇಬ್ಬರೂ ಮತ್ತೆ ಸ್ಟೇಜ್ ಮೇಲೆ ನಿಂತರು. ಅಮ್ಮನ ಕಣ್ಣು ಮತ್ತೆ ಮೆಟ್ಟಿಲ ಕಡೆ ಹೋಯಿತು.

ಈ ಸಲ ಮಗಳೂ ಅದೇ ಮೆಟ್ಟಿಲನ್ನು ದುರುಗುಟ್ಟಿ ನೋಡುತ್ತಿದ್ದಳು... ಯಾರು ಹತ್ತಿ ಬರುತ್ತೀರೋ ಬನ್ನಿ ಅನ್ನುವ ಹಾಗೆ!

ಆ ಮುಖ ನೋಡಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಮದ್ವೆ ಹೆಣ್ಣಿನ ಮುಖ ಹಿಂಗಾ ಇರೋದು?" ಎಂದು, ಕಣ್ಣೀರಿನ ಜೊತೆಗೇ ಬಾಯ್ತುಂಬ ನಕ್ಕರು.

ಕ್ಲಿಕ್!

ಆಲ್ಬಂ ಮಾಡುವಾಗ ಫೋಟೋಗ್ರಾಫರ್ ಫೋನ್ ಮಾಡಿದ. "ಮೇಡಂ, ಅಮ್ಮ ಸೂಪರಾಗಿ ಬಂದವ್ರೆ. ನಿಮ್ ಮುಖಾನೇ ಸಿಟ್ಟಲ್ಲಿದೆ. ಬೇರೆ ಫೋಟೋದಿಂದ ನಗು ತಗೊಂಡು ಎಡಿಟ್ ಮಾಡ್ಲಾ?"

"ಬೇಡ ಸರ್. ಆ ಸಿಟ್ಟು ಹಾಗೇ ಇರ್ಲಿ... ಅದಿಲ್ದಿದ್ರೆ ಅಮ್ಮನ ನಗು ಇರ್ತಿರ್ಲಿಲ್ಲ."

ಕ್ಯಾಮೆರಾ ಮುಂದೆ ನಗುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ... ಅಲ್ಲಿಂದ ಇಳಿಸದಿದ್ದರೆ ಸಾಕು.

ನಿಮ್ಮ ಮನೆಯ ಮದುವೆ ಆಲ್ಬಂ ಒಮ್ಮೆ ತೆಗೆದು ನೋಡಿ... ಅದರಲ್ಲಿ ಯಾರ ಮುಖ ಕಾಣುತ್ತಿಲ್ಲ? ಅವರನ್ನು ಇಳಿಸಿದ್ದು ಯಾರು?