ಹತ್ತು, ಒಂಬತ್ತು, ಏಳು ಚುಕ್ಕಿ

ಮಗ್ಗುಲ ಕಿಟಕಿಯ ಸರಳು ಹಿಡಿದು ನಿಂತಿದ್ದ ಸಾವಿತ್ರವ್ವನಿಗೆ ಒಳಗೆ ಕೂತ ಮಗಳ ಕೈ, ಎದುರಿನ ಕಂಪ್ಯೂಟರಿನ ಪರದೆ ಎರಡೂ ಕಾಣುತ್ತಿದ್ದವು. ಸಂಘಮಿತ್ರಾಳ ಬೆರಳುಗಳು ಕೀಬೋರ್ಡಿನ ಮೇಲೆ ಸರಸರನೆ ಓಡುತ್ತಿದ್ದವು. ಪರದೆ ಮಾತ್ರ ಬೆಳ್ಳಗೆ ಹಾಗೇ ಇತ್ತು. ಅಕ್ಕಪಕ್ಕದ ಮಕ್ಕಳು ಒಂದೊಂದೇ ಬೆರಳಿನಿಂದ ಹುಡುಕಿ ಹುಡುಕಿ ಟಕ್ ಟಕ್ ಎಂದು ಒತ್ತುತ್ತಿದ್ದರೂ ಅವರವರ ಹೆಸರು ಆಗಲೇ ಮೂಡಿತ್ತು.

ಬಸವನ ಬಾಗೇವಾಡಿಯಲ್ಲಿ ಬಡವರ ಮಕ್ಕಳಿಗೆಂದು ಪುಕ್ಕಟೆ ಕಂಪ್ಯೂಟರ್ ತರಗತಿ ಶುರುವಾಗಲಿತ್ತು. ಇಪ್ಪತ್ತೇ ಸೀಟು, ಬಂದವರು ಎಂಬತ್ತು ಮಕ್ಕಳು. ಹೆಸರು, ಊರು, ಶಾಲೆ, ಇಷ್ಟನ್ನು ಐದು ನಿಮಿಷದಲ್ಲಿ ಟೈಪು ಮಾಡಿದವರಿಗೆ ಜಾಗ. ಕಲಿಯಲು ಬರುವ ಮಕ್ಕಳು ಕಲಿತೇ ಬರಬೇಕೆಂಬ ನಿಯಮ ಯಾವ ಪುಣ್ಯಾತ್ಮ ಮಾಡಿದ್ದನೋ.

ಸಂಘಮಿತ್ರಾ ಈ ಹೊತ್ತಿನವರೆಗೆ ಕಂಪ್ಯೂಟರ್ ಮುಟ್ಟಿದವಳಲ್ಲ. ಇಂಗಳೇಶ್ವರದ ಆಚೆ, ಅವರ ಊರಿನ ಶಾಲೆಯಲ್ಲಿ ನಾಲ್ಕು ಇದ್ದವು, ಇಲ್ಲವೆನ್ನುವ ಹಾಗಿಲ್ಲ. ಕೆಟ್ಟರೆ ಯಾರು ಉತ್ತರ ಕೊಡಬೇಕೆಂದು ಹೆಡ್ ಮಾಸ್ತರರು ಅವಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದಿದ್ದರು. ಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ಊರಿಗೆಲ್ಲ ಆ ಭಾಗ್ಯ ಒಬ್ಬಳಿಗೇ, ಸೋಮವಾರ ಸೋಮವಾರ ಧೂಳು ಒರೆಸುವ ಸಾವಿತ್ರವ್ವನಿಗೆ. ಆಕೆಗೋ ಓದು ಬಾರದು.

"ಯವ್ವಾ, ಕೀಬೋರ್ಡ್ ಹ್ಯಾಂಗಿರ್ತೈತಿ?" ಎಂದು ಮಗಳು ಒಂದು ದಿನ ಕೇಳಿದ್ದಳು.

"ನೋಡ್ಕೊಂಡು ಬಂದು ಹೇಳ್ತೇನಿ ತಗೋ."

ಸಾವಿತ್ರವ್ವ ಅದನ್ನು ರಂಗೋಲಿ ನೋಡುವ ಹಾಗೆ ನೋಡಿಕೊಂಡು ಬಂದಳು. ಮೇಲೆ ಹತ್ತು ಚುಕ್ಕಿ, ನಡುವೆ ಒಂಬತ್ತು, ಕೆಳಗೆ ಏಳು. ಚುಕ್ಕಿಗೊಂದು ಇಂಗ್ಲಿಷ್ ಅಕ್ಷರ. ಒಂದು ಬಳೆ, ಒಂದು ಕುದುರೆ ಲಾಳ, ಒಂದು ಕವಲು ಕಟ್ಟಿಗೆ ಎಂದು ಆಕಾರ ಹಿಡಿದು ವಾರಕ್ಕೆ ಮೂರರಂತೆ ಕಣ್ಣಲ್ಲಿ ಇಟ್ಟುಕೊಂಡು ತಂದಳು. ಒಂಬತ್ತು ವಾರಕ್ಕೆ ಇಪ್ಪತ್ತಾರೂ ಅಕ್ಷರ ಮನೆಗೆ ಬಂದವು. ಅಲ್ಲಿಂದ ದಿನಾ ಬೆಳಿಗ್ಗೆ ಪಡಸಾಲೆಯ ಮೂಲೆಯಲ್ಲಿ ರಂಗೋಲಿ ಪುಡಿಯ ಕೀಬೋರ್ಡ್ ಬಿಡಿಸಿಟ್ಟೇ ಕೆಲಸಕ್ಕೆ ಹೋಗುತ್ತಿದ್ದಳು.

"ಹಗೂರಕ ಮುಟ್ಟವ್ವಾ. ಅಳಸಿತಂದ್ರ ಮತ್ತ ಹಾಕಾಕ ತಾಸು ಹಿಡಿತೈತಿ," ಎಂದು ದಿನಾ ಹೇಳುತ್ತಿದ್ದಳು.

ಸಂಘಮಿತ್ರಾ ಒಂದು ದಿನವೂ ಅಳಿಸಲಿಲ್ಲ. ಎರಡು ತಿಂಗಳಲ್ಲಿ ಕಣ್ಣು ಮುಚ್ಚಿ ಹತ್ತೂ ಬೆರಳು ಆಡಿಸುವಷ್ಟಾದಳು. ರೊಟ್ಟಿ ತಿನ್ನುವಾಗಲೂ ಎಡಗೈ ತೊಡೆಯ ಮೇಲೆ ಅಕ್ಷರ ಹುಡುಕುತ್ತಿತ್ತು. ಒಮ್ಮೆ, ಒಂದೇ ಒಮ್ಮೆ ನಿಜವಾದದ್ದರ ಮುಂದೆ ಕೂತು ತನ್ನ ಹೆಸರು ಮೂಡುವುದನ್ನು ನೋಡಬೇಕೆಂಬ ಆಸೆ ಆ ಹುಡುಗಿಗೆ ಹಸಿವಿನ ಹಾಗೆ ಹತ್ತಿತ್ತು. ಅದನ್ನು ನೋಡಿ ನೋಡಿ ತಾಯಿಗೂ ಹತ್ತಿತ್ತು.

ಈಗ ಪರೀಕ್ಷೆ ನಡೆಸುತ್ತಿದ್ದ ಅನೀಲಕುಮಾರ ಮಾಸ್ತರರು ಸಂಘಮಿತ್ರಾಳ ಹಿಂದೆ ಬಂದು ನಿಂತರು.

"ಯಾಕವ್ವಾ, ಒಂದಕ್ಷರಾನೂ ಬಂದಿಲ್ಲಲ್ಲ?"

"ಮೂರು ಸಲ ಬರದೇನ್ರಿ ಸರ್."

"ಎಲ್ಲಿ ಬರದಿ? ಖಾಲಿ ಐತಿ."

ಮಷೀನು ಕೆಟ್ಟಿರಬಹುದೆಂದು ಅವರು ತಾವೇ ಬಾಗಿ ಒಂದು ಕೀಲಿ ಒತ್ತಿದರು. ಅಕ್ಷರ ಬಂತು. ಅದನ್ನು ತೆಗೆದುಹಾಕಿ ಗಡಿಯಾರ ನೋಡಿದರು.

"ಇದು ಛಲೋ ಐತಿ. ಇನ್ನೊಂದು ಮಿನಿಟ್ ಉಳದೈತಿ ನೋಡು. ಆಗಲಿಲ್ಲಂದ್ರ ಏಳು, ಹೊರಗ ಹುಡುಗೂರು ಕಾಯಾಕತ್ತಾವ."

ಹುಡುಗಿಯ ಕಣ್ಣು ತುಂಬಿದವು. ಆದರೂ ಬೆರಳು ಮತ್ತೆ ಹೊರಟವು. ನಡುಸಾಲಿನ ಎರಡನೇ ಚುಕ್ಕಿ, ಮೊದಲನೇ ಚುಕ್ಕಿ, ಕೆಳಸಾಲಿನ ಆರನೇ ಚುಕ್ಕಿ. ಸಾವಿತ್ರವ್ವ ಕಿಟಕಿಯಿಂದಲೇ ಎಣಿಸಿದಳು. ಒಂದೂ ತಪ್ಪಿರಲಿಲ್ಲ. ಹೆಸರು ಮುಗಿಯಿತು. ಪರದೆಯಲ್ಲಿ ಏನೂ ಇಲ್ಲ. ಸಂಘಮಿತ್ರಾ ಮನೆಯ ರೂಢಿಯಂತೆ ಎರಡೂ ಕೈ ಮಗುಚಿ, ಪುಡಿ ಅಂಟಿದೆಯೇನೋ ಎಂದು ಬೆರಳ ತುದಿ ನೋಡಿಕೊಂಡಳು.

ಸಾವಿತ್ರವ್ವ ಅದನ್ನು ನೋಡಿದಳು. ಸರಳುಗಳ ನಡುವೆ ಮುಖ ತೂರಿಸಿ ಕೂಗಿದಳು.

"ಗಟ್ಟಿ ಒತ್ತು ನನ್ನವ್ವಾ. ಅದು ಅಳಸೂದಿಲ್ಲ."