ಸುಧಾರಿಸಿದ ಶಾಲೆ

ಹೋದ ವರ್ಷ ಮಕ್ಕಳೆಲ್ಲ ಪಾಸಾದ ಕೂಡಲೇ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಬೇರೆ ಶಾಲೆಗೆ ಕಳಿಸಿದ್ದರು. ಸುಧಾರಿಸಿದ್ದಕ್ಕೆ ಸಿಕ್ಕ ಬಹುಮಾನ ಅದು.

ಈ ವರ್ಷವೂ ಶಿಕ್ಷಣಾಧಿಕಾರಿ ಬಂದು ತರಗತಿಯ ಬಾಗಿಲಲ್ಲೇ ನಿಂತು ಹೇಳಿದರು: "ಬ್ಯಾರೆ ಊರಿನ ಹಿಂದುಳಿದ ಸಾಲಿಗೂ ಮಾಸ್ತರು ಬೇಕಲ್ರೀ. ಈ ಪರೀಕ್ಷೆ ರಿಸಲ್ಟ್ ಚಲೋ ಬಂದ್ರ ನಿಮ್ಮ ಗಣಿತದ ಮಾಸ್ತರನ್ನ ಅಲ್ಲಿಗೆ ಹಾಕ್ತೀನಿ."

ಮುಖ್ಯೋಪಾಧ್ಯಾಯಿನಿ ತಲೆಯಾಡಿಸಿದರು. ವಾದಿಸುವುದನ್ನು ಅವರು ಎಂದೋ ಬಿಟ್ಟಿದ್ದರು.

ಪರೀಕ್ಷೆ ಮುಗಿಯಿತು. ಗಣಿತದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರೆ, ಮಕ್ಕಳ ಹೆಸರು ಬಿಟ್ಟು ಯಾವುದರಲ್ಲೂ ಏನೂ ಇರಲಿಲ್ಲ. ಮುಖ್ಯೋಪಾಧ್ಯಾಯಿನಿ ತರಗತಿಗೇ ಜಾಣೆಯಾದ ಹುಡುಗಿಯನ್ನು ಕರೆಸಿದರು.

"ಯಾಕವ್ವಾ, ಒಂದೂ ಲೆಕ್ಕ ಬರಲಿಲ್ಲೇನು?"

"ಎಲ್ಲಾ ಬರ್ತಾವ್ರಿ ಅಕ್ಕಾರ. ಅದಕ್ಕ ಬರೀಲಿಲ್ಲ."