ನಡೆದು ಬಂದ ಮನೆ

ದೋಣಿಯಿಂದಿಳಿದು ವಿಳಾಸ ಹುಡುಕಿಕೊಂಡು ಹೋದ ಸೆಲೆಸ್ತಿನೊಗೆ ಸಿಕ್ಕಿದ್ದು ಮರಳಲ್ಲಿ ಹುದುಗಿದ್ದ ನಾಲ್ಕು ಅಡಿಗಲ್ಲು, ಅವುಗಳ ನಡುವೆ ಮಲಗಿದ್ದ ಒಂದು ಮೇಕೆ. ಸಮಾರ್ ದ್ವೀಪದ ಆ ದಂಡೆಯ ಮೇಲೆ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಜೈಲಿನಲ್ಲಿರುವ ಎಲ್ಮೆರನನ್ನು ಪೆರೋಲ್ ಮೇಲೆ ಮನೆಗೆ ಕಳಿಸಬಹುದೇ ಎಂದು ವಿಚಾರಿಸಿ ವರದಿ ಬರೆಯಬೇಕಾದ ಅಧಿಕಾರಿ ಅವನು. ಕಳಿಸೋಣವೆಂದರೆ ಮನೆಯೇ ಇಲ್ಲವಲ್ಲ!

ಹೋದ ವರ್ಷ ಬಂದಿದ್ದ ಅಧಿಕಾರಿಯೂ ಇಲ್ಲೇ ನಿಂತು, ಇದೇ ಖಾಲಿ ಜಾಗ ನೋಡಿ, 'ವಾಸಕ್ಕೆ ಮನೆಯಿಲ್ಲ' ಎಂದು ಒಂದು ಸಾಲು ಗೀಚಿ ಬಂದ ದೋಣಿಯಲ್ಲೇ ಹಿಂದಿರುಗಿದ್ದ. ಪೆರೋಲ್ ಮಂಡಳಿ ಆ ಸಾಲನ್ನು ನಂಬಿ ಎಲ್ಮೆರನ ಅರ್ಜಿಯನ್ನು ತಳ್ಳಿಹಾಕಿತ್ತು. ಸೆಲೆಸ್ತಿನೊಗೂ ಅಷ್ಟೇ ಬರೆದು ಹೊರಟುಬಿಡೋಣ ಅನ್ನಿಸಿತು. ನೀರು ಇಳಿಯುತ್ತಿದೆ, ಬೇಗ ಬನ್ನಿ ಎಂದು ದೋಣಿಯವನು ಬೇರೆ ಕೂಗುತ್ತಿದ್ದ.

ಆಗ ಮಂಜಿನೊಳಗಿಂದ ಮನೆಯೊಂದು ಗುಡ್ಡ ಇಳಿದು ಬಂತು.

ಬಿದಿರಿನ ಗೋಡೆ, ಗರಿಯ ಮಾಡು, ಕಿಟಕಿಯಲ್ಲಿ ಹಾರಾಡುವ ಹೂವಿನ ಪರದೆ. ಯಾವ ಆತುರವೂ ಇಲ್ಲದೆ ಗದ್ದೆಗಳ ಮೇಲೆ ತೇಲಿಕೊಂಡು ಬರುತ್ತಿತ್ತು. ಕಿಟಕಿಯಲ್ಲೊಂದು ಬೆಕ್ಕು ಠೀವಿಯಿಂದ ಕೂತು ಊರು ನೋಡುತ್ತಿತ್ತು. ಸೆಲೆಸ್ತಿನೊ ಕಣ್ಣುಜ್ಜಿಕೊಂಡ. ಮಂಜು ತುಸು ಸರಿದ ಮೇಲೆ ಮನೆಯ ಕೆಳಗಿನ ಕಾಲುಗಳು ಕಂಡವು. ಊರಿನ ಗಂಡಸರೆಲ್ಲ ಉದ್ದನೆಯ ಗಳುಗಳಿಗೆ ಹೆಗಲು ಕೊಟ್ಟು ಮನೆಯನ್ನು ಇಡಿಯಾಗಿ ಹೊತ್ತು ತರುತ್ತಿದ್ದರು. ಪಟ್ಟಣದಲ್ಲಿ ಬೆಳೆದ ಅವನು ಇಂಥದ್ದನ್ನು ಅಜ್ಜಿಯ ಬಾಯಲ್ಲಷ್ಟೇ ಕೇಳಿದ್ದ.

ಮುಂದೆ ಓಡಿಬರುತ್ತಿದ್ದ ಮುದುಕಿ ಎರಡೂ ಕೈ ಎತ್ತಿ ಕೂಗಿದಳು. "ಬರೀಬೇಡಿ ಸಾರ್! ಪೆನ್ನು ಒಳಗಿಡಿ! ಮನೆ ಬರ್ತಾ ಇದೆ!"

ಎಲ್ಮೆರನ ತಾಯಿ ಪಾಸಿಂಗ್ ಅವಳೇ.

"ಇದೇನು ನಾನಾಯ್ ಇದು?" ಎಂದ ಸೆಲೆಸ್ತಿನೊ, ತನ್ನ ತಾಯಿಯನ್ನು ಕರೆಯುವ ಹಾಗೇ ಕರೆದು.

"ಬಿರುಗಾಳಿಗೆ ಹೆದರಿ ಮನೇನ ಗುಡ್ಡದ ಮೇಲೆ ಹೊತ್ಕೊಂಡು ಹೋಗಿ ಅಲ್ಲೇ ಇದ್ವಿ. ಹೋದ ಸಲದ ಸಾಹೇಬ್ರು ಇಲ್ಲಿ ನೋಡಿ, ಮನೇನೇ ಇಲ್ಲ ಅಂತ ಬರೆದ್ರು. ಕಾಗದದಲ್ಲಿ ಹೇಳಿದ ಜಾಗದಲ್ಲೇ ಇರಬೇಕಂತೆ. ನೀವು ಬರೋ ಸುದ್ದಿ ಸಿಕ್ತು. ಇಕೊಳ್ಳಿ, ತಂದಿದೀವಿ."

"ಹೇಳಿದ್ರೆ ನಾನೇ ಗುಡ್ಡ ಹತ್ತಿ ಬರ್ತಿದ್ದೆನಲ್ಲ!"

"ನಿಮ್ಮ ಬೂಟು ನೋಡಿದ್ರೆ ಹಾಗನ್ಸಲ್ಲ ಸಾರ್," ಎಂದಿತು ಗಳುವಿನಡಿಯಿಂದ ಒಂದು ದನಿ. ಹೊತ್ತವರೆಲ್ಲ ನಕ್ಕದ್ದಕ್ಕೆ ಮನೆ ಕುಲುಕಾಡಿತು. ಬೆಕ್ಕು ಹಾರಿ ಓಡಿತು.

ತಾನು ಹತ್ತುತ್ತಿರಲಿಲ್ಲ ಎಂಬುದು ಸೆಲೆಸ್ತಿನೊಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯಾಯಿತು. ಮನೆ ಮೆಲ್ಲನೆ ಅಡಿಗಲ್ಲುಗಳ ಮೇಲೆ ಕೂತಿತು. ಪಾಸಿಂಗ್ ಒಳಗೆ ಹೋಗಿ, ಏನೂ ಆಗಿಲ್ಲವೆಂಬಂತೆ ಗಂಜಿಗೆ ಒಲೆ ಹಚ್ಚಿದಳು.

ಇನ್ನೊಂದು ಪ್ರಶ್ನೆ ಉಳಿದಿತ್ತು. "ಎಲ್ಮೆರ್ ಕುಡಿದು ಮಚ್ಚಿನಿಂದ ಕಡಿದಿದ್ದು ತಾಸ್ಯೊ ಅನ್ನೋರನ್ನ. ಅವರನ್ನೂ ಒಂದು ಮಾತು ಕೇಳ್ಬೇಕು. ಎಲ್ಲಿದಾರೆ?"

ಪಾಸಿಂಗ್ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಬೆವರು ಒರೆಸಿಕೊಳ್ಳುತ್ತಿದ್ದವರ ನಡುವಿನಿಂದ ಒಬ್ಬ ಎದ್ದು ಬಂದ. ಅವನ ಎಡಗೈ ಸತ್ವವಿಲ್ಲದೆ ಜೋತಾಡುತ್ತಿತ್ತು. ಬಲಹೆಗಲು ಗಳು ಒತ್ತಿ ಕೆಂಪಾಗಿತ್ತು.

"ನಾನೇ."

"ಎಲ್ಮೆರ್ ವಾಪಸ್ ಊರಿಗೆ ಬಂದ್ರೆ ನಿಮ್ದೇನಾದ್ರೂ ಅಭ್ಯಂತರ ಇದೆಯಾ? ಒಂದೇ ಮಾತಲ್ಲಿ ಹೇಳಿ, ಇದೆಯೋ ಇಲ್ವೋ?"

ತಾಸ್ಯೊ ಸಮುದ್ರದ ಕಡೆ ನೋಡಿದ. ಮುದುಕಿಯ ಕಡೆ ಮಾತ್ರ ನೋಡಲಿಲ್ಲ.

"ಒಂದೇ ಮಾತಲ್ಲಿ ಬರೆದೇ ಅಲ್ವಾ ಸಾರ್, ಹೋದ ಸಲ ಇದ್ದ ಮನೆ ಇಲ್ಲದಂಗಾಗಿದ್ದು? ಸಿಟ್ಟು ಇನ್ನೂ ಇದೆ ಅಂತ ಬರೀರಿ. ಈ ಕೈ ಮಲಗೋಕೆ ಬಿಡಲ್ಲ ಅಂತಾನೂ ಬರೀರಿ." ಆಮೇಲೆ ಮನೆಯ ಕಡೆ ತಿರುಗಿದ. "ಮನೆ ಹೊತ್ತವರಲ್ಲಿ ನಾನೂ ಇದ್ದೆ. ಅದನ್ನೂ ಬರೀರಿ."